ಹೊರೆ ಕೆಳಗಿರಲಿ, ಬಿಗಿಯಾಗಿರಲಿ: ಟೆಂಟ್ ಪ್ರವಾಸಕ್ಕೆ ಬೈಕ್ ಕಟ್ಟುವ ಪೂರ್ತಿ ಕ್ರಮ

ಬೆಳಗಿನ ಜಾವ ಹಾಲಿನವರು ಬೈಕ್ ಮೇಲೆ ಹೋಗುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಎರಡೂ ಪಕ್ಕ 40 ಲೀಟರಿನ ಒಂದೊಂದು ಕ್ಯಾನ್. ಕ್ಯಾನಿನ ತಳ ಹಿಂದಿನ ಚಕ್ರದ ಅಚ್ಚಿನ ಹತ್ತಿರಕ್ಕೇ ಇಳಿದಿರುತ್ತದೆ. ಕೊಂಡಿ ಗಟ್ಟಿ ಕಬ್ಬಿಣದ್ದು, ಅಲುಗಾಡುವುದಿಲ್ಲ. ಅಷ್ಟು ಭಾರ ಹೊತ್ತರೂ ಹಳ್ಳದ ರಸ್ತೆಯಲ್ಲಿ ಗಾಡಿ ನೆಟ್ಟಗೆ ಹೋಗುತ್ತದೆ.

ಈಗ ವಾರದ ಕೊನೆಗೆ ಬೆಂಗಳೂರಿಂದ ಸಕಲೇಶಪುರದ ಕಡೆ ಹೊರಟ ಬೈಕುಗಳನ್ನು ನೋಡಿ. ಹಿಂದಿನ ಸೀಟಿನ ಮೇಲೆ ದೊಡ್ಡ ಚೀಲ, ಅದರ ಮೇಲೆ ಟೆಂಟ್, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್. ಒಟ್ಟು ತೂಕ ಆ ಎರಡು ಹಾಲಿನ ಕ್ಯಾನಿನ ಅರ್ಧದಷ್ಟೂ ಇರುವುದಿಲ್ಲ. ಆದರೂ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ತೂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ, ಎಷ್ಟು ಬಿಗಿಯಾಗಿದೆ ಅನ್ನುವುದೇ ದೊಡ್ಡದು. ಈ ಬರಹ ಪೂರ್ತಿ ಅದರ ಬಗ್ಗೆಯೇ.

ನಾನು ಇದನ್ನು ಕಲಿತದ್ದು ಬಿಸಿಲೆ ಘಾಟಿಯಲ್ಲಿ. ಮೊದಲ ಟೆಂಟ್ ಪ್ರವಾಸ. ಕೊಕ್ಕೆ ಇರುವ ಎರಡು ಎಲಾಸ್ಟಿಕ್ ಹಗ್ಗ ಎಳೆದು ಕಟ್ಟಿದ್ದೆ. ಕುಲುಕುವ ರಸ್ತೆಯಲ್ಲಿ ಸ್ಲೀಪಿಂಗ್ ಬ್ಯಾಗ್ ನಿಧಾನಕ್ಕೆ ಬಲಕ್ಕೆ ಜಾರಿದೆ. ನನಗೆ ಗೊತ್ತೇ ಆಗಲಿಲ್ಲ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದಾಗ ನಿಲ್ಲಿಸಿ ನೋಡಿದರೆ ಬಟ್ಟೆ ಸೈಲೆನ್ಸರಿಗೆ ಅಂಟಿ ಕರಗುತ್ತಿತ್ತು. ಅದರ ದಾರವೊಂದು ಚಕ್ರದ ಕಡ್ಡಿಗಳಿಂದ ನಾಲ್ಕು ಬೆರಳಿನ ದೂರದಲ್ಲಿ ನೇತಾಡುತ್ತಿತ್ತು. ಬಟ್ಟೆ ಹೋದರೆ ಹೋಗಲಿ, ಆ ದಾರ ಚಕ್ರಕ್ಕೆ ಸುತ್ತಿಕೊಂಡಿದ್ದರೆ ಆ ತಿರುವಿನಲ್ಲಿ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಕೆಳಗಿನ ಲೆಕ್ಕವೆಲ್ಲ ಒಬ್ಬರೇ ಹೋಗುವ, ಎರಡು ರಾತ್ರಿಯ ಮಲೆನಾಡು ಪ್ರವಾಸಕ್ಕೆ. ತಿಂಗಳು ನವೆಂಬರ್ ಅಥವಾ ಡಿಸೆಂಬರ್. ನನ್ನ ಗಾಡಿ ಹಿಮಾಲಯನ್ 411. ನಿಮ್ಮದು ಕ್ಲಾಸಿಕ್ ಇರಲಿ, ಪಲ್ಸರ್ ಇರಲಿ, ಸ್ಪ್ಲೆಂಡರ್ ಇರಲಿ, ಕ್ರಮ ಒಂದೇ. ಗಾಡಿ ಹಗುರವಾದಷ್ಟೂ ಇದನ್ನು ಇನ್ನೂ ಜಾಸ್ತಿ ಶಿಸ್ತಿನಿಂದ ಪಾಲಿಸಬೇಕು, ಅಷ್ಟೇ.

ಹಂತ 1: ಮಲಗುವ ಜಾಗ ಮೊದಲು ಗೊತ್ತಾಗಲಿ

ಜಾಗ ಗೊತ್ತಾಗದೆ ಸಾಮಾನು ಜೋಡಿಸಿದರೆ ಬೇಡದ್ದೆಲ್ಲ ಚೀಲ ಸೇರುತ್ತದೆ. ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ನಾನು ಕಾಫಿ ತೋಟದ ಹೋಂಸ್ಟೇಗಳಿಗೆ ಮೊದಲೇ ಫೋನ್ ಮಾಡಿ ಕೇಳುತ್ತೇನೆ: ಅಂಗಳದಲ್ಲಿ ಟೆಂಟ್ ಹಾಕಬಹುದಾ? ನೀರು ಸಿಗುತ್ತದಾ? ಶೌಚಾಲಯ ಇದೆಯಾ? ಊಟ ಕೊಡುತ್ತೀರಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪ್ಯಾಕಿಂಗ್ ಮುಗಿದಂತೆ. ರಾತ್ರಿ ಊಟ ಅಲ್ಲೇ ಅಂದರೆ ಸ್ಟವ್ ಮನೆಯಲ್ಲೇ ಬಿಡಬಹುದು. ನೀರು ಇದೆ ಅಂದರೆ 3 ಲೀಟರ್ ಬದಲು 1 ಲೀಟರ್ ಸಾಕು. ಎರಡು ಕೆಜಿ ಅಲ್ಲೇ ಉಳಿಯಿತು.

ದಾರಿಯನ್ನೂ ನೋಡಿಕೊಳ್ಳಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇಂಥದ್ದು ಗೊತ್ತಿಲ್ಲದಿದ್ದರೆ ಕತ್ತಲಾದ ಮೇಲೆ ಜಾಗ ತಲುಪುತ್ತೀರಿ. ಕತ್ತಲಲ್ಲಿ ಚೀಲ ಬಿಚ್ಚುವುದು ಬೇರೆಯದೇ ಕಷ್ಟ.

ಹಂತ 2: ಗಾಡಿ ಎಷ್ಟು ಹೊರುತ್ತದೆ ಎಂದು ಲೆಕ್ಕ ಹಾಕಿ

ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಿರಿ. ಅದರಲ್ಲಿ ಗಾಡಿಯ ಸ್ವಂತ ತೂಕವೂ, ಹೊರೆ ಸೇರಿದ ಗರಿಷ್ಠ ತೂಕವೂ ಇರುತ್ತದೆ. ಎರಡರ ವ್ಯತ್ಯಾಸವೇ ನಿಮಗೆ ಸಿಗುವ ಒಟ್ಟು ಹೊರೆ. ಅದರಲ್ಲಿ ನೀವೂ ಸೇರಿದ್ದೀರಿ ಎನ್ನುವುದನ್ನು ತುಂಬಾ ಜನ ಮರೆಯುತ್ತಾರೆ.

ವ್ಯತ್ಯಾಸ 170 ಕೆಜಿ ಎಂದುಕೊಳ್ಳೋಣ. ನೀವು 75. ಹೆಲ್ಮೆಟ್, ಜಾಕೆಟ್, ಬೂಟು ಸೇರಿ 8. ಪಕ್ಕದ ರ‍್ಯಾಕ್ 6. ಉಳಿದದ್ದು 81 ಕೆಜಿ. ಒಬ್ಬರೇ ಹೋಗುವುದಾದರೆ ಧಾರಾಳವಾಯಿತು. ಹಿಂದೆ 60 ಕೆಜಿಯವರು ಕೂತರೆ 21 ಉಳಿಯಿತು. ಅವರ ಹೆಲ್ಮೆಟ್, ಜಾಕೆಟ್ ಕಳೆದರೆ 15. ಇಬ್ಬರ ಟೆಂಟ್ ಸಾಮಾನು 15 ಕೆಜಿಯಲ್ಲಿ ಮುಗಿಸುವುದು ಸುಲಭವಲ್ಲ. ಅದಕ್ಕೇ ಇಬ್ಬರು ಹೋಗುವಾಗ ಅಡುಗೆಯ ಆಸೆ ಬಿಡಿ ಎನ್ನುತ್ತೇನೆ. ಮಲೆನಾಡಿನಲ್ಲಿ ಕಡುಬು, ಅಕ್ಕಿರೊಟ್ಟಿ ಹಾಕುವ ಹೋಟೆಲಿಗೆ ಬರವಿಲ್ಲ.

ಹಂತ 3: ನೆಲದ ಮೇಲೆ ಹರಡಿ, ತೂಗಿ, ಕಳೆಯಿರಿ

ಹೊರಡುವ ಹಿಂದಿನ ದಿನವಲ್ಲ, ಮೂರು ದಿನ ಮೊದಲು ಈ ಕೆಲಸ ಮಾಡಿ. ಒಂದು ಹಳೆ ಬೆಡ್‌ಶೀಟ್ ಹಾಸಿ. ಒಯ್ಯಬೇಕೆಂದಿರುವ ಪ್ರತಿಯೊಂದನ್ನೂ ಅದರ ಮೇಲೆ ಇಡಿ. ಅಡುಗೆಮನೆಯ ತಕ್ಕಡಿಯಲ್ಲಿ ಅಥವಾ ಕೈಯಲ್ಲಿ ನೇತುಹಾಕುವ ಲಗೇಜ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಮೊದಲ ಸಲ ನನ್ನ ಸಾಮಾನು 32 ಕೆಜಿ ಇತ್ತು. ಈಗ ಹೀಗಿದೆ:

- ಇಬ್ಬರು ಮಲಗುವ ಟೆಂಟ್: 2.6 ಕೆಜಿ
- ಸ್ಲೀಪಿಂಗ್ ಬ್ಯಾಗ್: 1.2
- ಫೋಮ್ ಮ್ಯಾಟ್: 0.4
- ನೆಲಕ್ಕೆ ಹಾಸುವ ಟಾರ್ಪಾಲಿನ್, ಹಗ್ಗ: 0.8
- ಸ್ಟವ್, ಚಿಕ್ಕ ಗ್ಯಾಸ್ ಡಬ್ಬಿ, ಒಂದು ಪಾತ್ರೆ, ಲೋಟ: 1.2
- ತಿನ್ನುವ ಸಾಮಾನು: 1.8
- ನೀರು: 3
- ಬಟ್ಟೆ: 2.3
- ಮಳೆಕೋಟು, ಪ್ಯಾಂಟ್: 1
- ಟೂಲ್, ಪಂಕ್ಚರ್ ಕಿಟ್, ಪಂಪ್, ಒಂದು ಟ್ಯೂಬ್: 2.2
- ಔಷಧಿ, ತಲೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್: 1

ಒಟ್ಟು 17.5 ಕೆಜಿ. ಚೀಲಗಳದ್ದೇ 4.5. ಅಲ್ಲಿಗೆ 22.

ಟೆಂಟ್ ಕೊಳ್ಳುವಾಗ ತೂಕದ ಜೊತೆ ಮಡಿಸಿದ ಉದ್ದವನ್ನೂ ನೋಡಿ. ಬೈಕಿಗೆ 50ರಿಂದ 60 ಸೆಂಟಿಮೀಟರಿನ ಸುರುಳಿ ಚೆನ್ನಾಗಿ ಕೂರುತ್ತದೆ. ಎಸೆದರೆ ತಾನಾಗಿಯೇ ಬಿಚ್ಚಿಕೊಳ್ಳುವ ಟೆಂಟುಗಳು ಮಡಿಸಿದಾಗ ದೊಡ್ಡ ತಟ್ಟೆಯ ಆಕಾರಕ್ಕೆ ಬರುತ್ತವೆ. ಕಾರಿಗೆ ಸರಿ. ಬೈಕಿನಲ್ಲಿ ಅದು ಗಾಳಿಗೆ ಹಾಯಿಯಂತೆ ನಿಲ್ಲುತ್ತದೆ, ಬೇಡ.

ತಿನ್ನುವ ಸಾಮಾನಿನ ಬಗ್ಗೆ ಒಂದು ಮಾತು. ಮನೆಯಲ್ಲೇ 200 ಗ್ರಾಂ ರವೆಯನ್ನು ಘಮ ಬರುವವರೆಗೆ ಹುರಿಯಿರಿ. ಸಾಸಿವೆ, ಕಡಲೆಬೇಳೆ, ಒಣಮೆಣಸು, ಕರಿಬೇವು ಗರಿಗರಿಯಾಗಿ ಒಗ್ಗರಣೆ ಹಾಕಿ, ಉಪ್ಪು ಸೇರಿಸಿ, ಪೂರ್ತಿ ಆರಿದ ಮೇಲೆ ಜಿಪ್ ಚೀಲಕ್ಕೆ ತುಂಬಿ. ಅಲ್ಲಿ ಒಂದು ಲೋಟ ಮಿಶ್ರಣಕ್ಕೆ ಎರಡೂವರೆ ಲೋಟ ಕುದಿಯುವ ನೀರು. ಐದು ನಿಮಿಷಕ್ಕೆ ಉಪ್ಪಿಟ್ಟು. ಎಣ್ಣೆ ಬಾಟಲಿ ಬೇಡ, ಈರುಳ್ಳಿ ಬೇಡ, ಚಾಕು ಬೇಡ. ಗೊಜ್ಜವಲಕ್ಕಿ ಪುಡಿ ಕಲಸಿದ ಅವಲಕ್ಕಿಗಂತೂ ಬೆಂಕಿಯೇ ಬೇಡ. ಮಳೆ ಸುರಿದು ಸ್ಟವ್ ಹಚ್ಚಲಾಗದ ರಾತ್ರಿಗೆ ಅದೊಂದು ಪೊಟ್ಟಣ ಇರಲೇಬೇಕು.

ಪಟ್ಟಿ ಮುಗಿದ ಮೇಲೆ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ರಾತ್ರಿ ಚಳಿಯಾಗುತ್ತದಾ, ಒದ್ದೆಯಾಗುತ್ತದಾ, ಗಾಡಿ ನಿಂತುಹೋಗುತ್ತದಾ? ಮೂರಕ್ಕೂ ಇಲ್ಲ ಅಂದರೆ ಪಕ್ಕಕ್ಕಿಡಿ. ಮಡಿಸುವ ಕುರ್ಚಿ, ಎರಡನೇ ಜೀನ್ಸ್, ದೊಡ್ಡ ಟವೆಲ್, ಬ್ಲೂಟೂತ್ ಸ್ಪೀಕರ್ ನನ್ನ ಚೀಲದಿಂದ ಹೊರಬಿದ್ದದ್ದು ಹೀಗೆ. ಜೀನ್ಸ್ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಸಾಕು, ಟವೆಲ್ ಬದಲು ತೆಳು ಪಂಚೆ ಸಾಕು.

ಹಂತ 4: ಚೀಲ ಆರಿಸಿಕೊಳ್ಳಿ

ಪಕ್ಕಕ್ಕೆ ಎರಡು ಸ್ಯಾಡಲ್ ಬ್ಯಾಗ್, ಹಿಂದೆ ಉದ್ದುದ್ದ ಒಂದು ಟೇಲ್ ಬ್ಯಾಗ್, ಮುಂದೆ ಚಿಕ್ಕ ಟ್ಯಾಂಕ್ ಬ್ಯಾಗ್. ಇದು ನನಗೆ ಅತ್ಯಂತ ಒಗ್ಗಿದ ಜೋಡಣೆ.

ಕಬ್ಬಿಣ ಅಥವಾ ಅಲ್ಯೂಮಿನಿಯಂ ಪೆಟ್ಟಿಗೆ ಬೀಗ ಹಾಕಲು ಒಳ್ಳೆಯದು, ಆದರೆ ಪೆಟ್ಟಿಗೆಯದ್ದೇ ತೂಕ ಜಾಸ್ತಿ. ಮಣ್ಣಿನ ರಸ್ತೆಯಲ್ಲಿ ಕಾಲು ಊರಿದಾಗ ಮೀನಖಂಡಕ್ಕೆ ಪೆಟ್ಟಿಗೆಯ ಅಂಚು ಬಡಿಯುವ ಅಪಾಯವೂ ಇದೆ. ಮಲೆನಾಡಿನ ಕಲ್ಲು-ಕೆಸರಿಗೆ ಬಟ್ಟೆಯ ಚೀಲವೇ ಮೇಲು.

ಸ್ಯಾಡಲ್ ಬ್ಯಾಗ್ ಹಾಕಲು ಪಕ್ಕದಲ್ಲಿ ಸರಳಿನ ಆಧಾರ ಇರಲೇಬೇಕು. ಇದನ್ನು ಸ್ಟೇ ಎನ್ನುತ್ತಾರೆ. ಇದಿಲ್ಲದೆ ಚೀಲ ಒಳಕ್ಕೆ ವಾಲಿ ಚಕ್ರಕ್ಕೆ ತಾಗಬಹುದು. ಸೈಲೆನ್ಸರ್ ಇರುವ ಪಕ್ಕದ ಚೀಲಕ್ಕೂ ಸೈಲೆನ್ಸರಿಗೂ ನಡುವೆ ಒಂದು ಗೇಣು ಇದ್ದರೆ ನಿಶ್ಚಿಂತೆ, ನಾಲ್ಕು ಬೆರಳಿಗಿಂತ ಕಡಿಮೆ ಎಂದೂ ಬೇಡ. ಹಿಮಾಲಯನ್‌ನ ಸೈಲೆನ್ಸರ್ ಬಲಕ್ಕೆ, ಮೇಲಕ್ಕೆ ಏರಿಕೊಂಡಿದೆ. ಅಲ್ಲಿ ಶಾಖ ತಡೆಯುವ ತಗಡು ಹಾಕಿಸಿಕೊಂಡರೆ ಒಳ್ಳೆಯದು.

ಹೊಸದಾಗಿ ಶುರು ಮಾಡುವವರು ಇಷ್ಟೆಲ್ಲ ಕೊಳ್ಳಬೇಕಿಲ್ಲ. ಕಾಲೇಜಿನ ಎರಡು ಹಳೆ ಬ್ಯಾಗ್, ಒಂದು ಗಟ್ಟಿ ಲಗೇಜ್ ರ‍್ಯಾಕ್, ನಾಲ್ಕು ಒಳ್ಳೆಯ ಬೆಲ್ಟ್ ಇದ್ದರೆ ಸಾಕು. ದುಡ್ಡು ಹಾಕುವುದಾದರೆ ಮೊದಲು ಬೆಲ್ಟಿಗೆ ಹಾಕಿ, ಚೀಲಕ್ಕೆ ಆಮೇಲೆ.

ಒಂದೇ ಒಂದು ವಿಷಯದಲ್ಲಿ ನಾನು ಖಡಾಖಂಡಿತ. ಬೆನ್ನಿಗೆ ಭಾರದ ಚೀಲ ಬೇಡ. 100 ಕಿಲೋಮೀಟರ್ ದಾಟುವಷ್ಟರಲ್ಲಿ ಭುಜ ಸೋಲುತ್ತದೆ, ಸೋತ ಭುಜ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತದೆ, ಬಿದ್ದರೆ ಬೆನ್ನುಮೂಳೆಗೆ ಪೆಟ್ಟು. ನೀರಿನ ಚೀಲವೊಂದನ್ನು ಬಿಟ್ಟು ಬೆನ್ನು ಖಾಲಿ ಇರಲಿ.

ಹಂತ 5: ಮಳೆಗೆ ಒಳಗಿನಿಂದ ತಯಾರಾಗಿ

ಚೀಲದ ಜೊತೆ ಬರುವ ಹೊರ ಹೊದಿಕೆಯನ್ನು ನಂಬಬೇಡಿ. ಗಾಳಿಗೆ ಅದು ಉಬ್ಬುತ್ತದೆ, ಒಂದು ಅಂಚು ಬಿಚ್ಚುತ್ತದೆ, ಹಿಂದಿನ ಚಕ್ರ ಎರಚುವ ನೀರು ಕೆಳಗಿನಿಂದ ತುಂಬಿಕೊಳ್ಳುತ್ತದೆ. ನೀರು ತಡೆಯಬೇಕಾದದ್ದು ಚೀಲದ ಒಳಗೆ.

ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಇದ್ದರೆ ಅನುಕೂಲ. ಇಲ್ಲದಿದ್ದರೆ ದಪ್ಪನೆಯ ದೊಡ್ಡ ಪಾಲಿಥಿನ್ ಚೀಲ ಸಾಕು. ಗೊಬ್ಬರದ ಅಂಗಡಿ, ಬೀಜದ ಅಂಗಡಿಯ ಹತ್ತಿರ ಸಿಗುತ್ತದೆ. ಮಲೆನಾಡಿನವರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮುಂಗಾರು ಮಳೆಯಲ್ಲಿ ನಾಟಿ ಮಾಡುತ್ತಾರೆ, ನಮ್ಮ ಸ್ಲೀಪಿಂಗ್ ಬ್ಯಾಗಿಗೆ ಅದು ಸಾಲದೇ? ಮುಚ್ಚುವ ರೀತಿ ಹೀಗೆ: ಸಾಮಾನು ತುಂಬಿ, ಮೇಲೆ ಕೂತು ಗಾಳಿ ಪೂರ್ತಿ ಹೊರಹಾಕಿ, ಬಾಯನ್ನು ಹಗ್ಗದಂತೆ ತಿರುಚಿ, ಕುತ್ತಿಗೆ ಬಗ್ಗಿಸಿ ಎರಡು ಮಡಿಕೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ಸುಮ್ನೆ ಗಂಟು ಹಾಕಿದರೆ ನೀರು ಸುಲಭವಾಗಿ ಇಳಿಯುತ್ತದೆ.

ಸ್ಲೀಪಿಂಗ್ ಬ್ಯಾಗಿಗೂ ಮಲಗುವಾಗಿನ ಬಟ್ಟೆಗೂ ಹೀಗೆ ಎರಡು ಪದರ ಮಾಡಿ. ಮಿಕ್ಕದ್ದು ಸ್ವಲ್ಪ ಒದ್ದೆಯಾದರೂ ತಡೆದುಕೊಳ್ಳಬಹುದು. ಆದರೆ ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಒದ್ದೆ ಸ್ಲೀಪಿಂಗ್ ಬ್ಯಾಗ್ ಜೊತೆ ರಾತ್ರಿ ಕಳೆಯುವುದು ತಮಾಷೆಯಲ್ಲ.

ಹಂತ 6: ಯಾವುದು ಎಲ್ಲಿ

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪಕ್ಕದಿಂದ ನೋಡಿ. ನಿಮ್ಮ ಸೀಟಿನಿಂದ ಹಿಂದಿನ ಚಕ್ರದ ಅಚ್ಚಿಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಭಾರವಾದ ವಸ್ತು ಆ ಗೆರೆಗಿಂತ ಮುಂದೆ ಮತ್ತು ಕೆಳಗೆ ಬಂದಷ್ಟೂ ಒಳ್ಳೆಯದು. ಅಚ್ಚಿಗಿಂತ ಹಿಂದಕ್ಕೆ ಹೋದ ಪ್ರತಿ ಕೆಜಿಯೂ ಏತದಂತೆ ಮುಂದಿನ ಚಕ್ರವನ್ನು ಮೇಲಕ್ಕೆ ಎತ್ತುತ್ತದೆ. ಮುಂದಿನ ಚಕ್ರ ಹಗುರವಾದರೆ ಹ್ಯಾಂಡಲ್ ಮಾತು ಕೇಳುವುದಿಲ್ಲ, ವೇಗದಲ್ಲಿ ನಡುಗಲು ಶುರುವಾಗುತ್ತದೆ.

ಸ್ಯಾಡಲ್ ಬ್ಯಾಗಿನ ತಳದಲ್ಲಿ ಟೂಲ್, ಟ್ಯೂಬ್, ಗ್ಯಾಸ್ ಡಬ್ಬಿ, ಪಾತ್ರೆ, ತಿನ್ನುವ ಸಾಮಾನು. ಪ್ರತಿ ಚೀಲದಲ್ಲೂ ಭಾರದ್ದು ಕೆಳಗೆ, ಗಾಡಿಯ ಮೈಗೆ ಹತ್ತಿರ. ಹಗುರದ್ದು ಹೊರಕ್ಕೆ. ಗ್ಯಾಸ್ ಡಬ್ಬಿ ಸೈಲೆನ್ಸರ್ ಇಲ್ಲದ ಪಕ್ಕಕ್ಕೇ ಹೋಗಬೇಕು, ಇದರಲ್ಲಿ ರಾಜಿ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ಪಾತ್ರೆಯೊಳಗೆ ಕೂರಿಸಿ. ಸ್ಟವ್ ಬಿಚ್ಚಿ ಬೇರೆ ಇಡಿ.

ಎರಡೂ ಪಕ್ಕದ ಚೀಲ ಕಾವಡಿಯ ಎರಡು ತುದಿ ಇದ್ದಂತೆ. ತೂಗಿ ಸರಿಮಾಡಿ. ಅರ್ಧ ಕೆಜಿ ಹೆಚ್ಚುಕಡಿಮೆ ನಡೆಯುತ್ತದೆ, ಎರಡು ಕೆಜಿ ಆದರೆ ನೇರ ರಸ್ತೆಯಲ್ಲೂ ಗಾಡಿ ಒಂದು ಕಡೆ ಎಳೆಯುವುದು ಗೊತ್ತಾಗುತ್ತದೆ. ನೀರನ್ನು ಒಂದೇ ಕ್ಯಾನಿನಲ್ಲಿ ಇಡಬೇಡಿ. ಒಂದೊಂದು ಲೀಟರಿನ ಮೂರು ಬಾಟಲಿ ಮಾಡಿ, ಎರಡೂ ಕಡೆ ಹಂಚಿ. ಹಿಮಾಲಯನ್ 411ರಲ್ಲಿ ಟ್ಯಾಂಕಿನ ಎರಡು ಪಕ್ಕ ಸರಳು ಇರುವುದರಿಂದ ಎರಡು ಬಾಟಲಿ ಅಲ್ಲಿ ಕಟ್ಟುತ್ತೇನೆ. ಮುಂದಿನ ಚಕ್ರಕ್ಕೂ ಸ್ವಲ್ಪ ಭಾರ ಬೀಳುತ್ತದೆ. ಆದರೆ ಅಲ್ಲಿ ಏನೇ ಕಟ್ಟಿದರೂ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕೇಬಲ್ ಸಿಕ್ಕಿಕೊಳ್ಳಬಾರದು. ಇಂಜಿನ್‌ಗೆ ಗಾಳಿ ಬರುವ ದಾರಿ, ಆಯಿಲ್ ಕೂಲರ್ ಮುಚ್ಚಬಾರದು.

ಟೇಲ್ ಬ್ಯಾಗಿನಲ್ಲಿ ದೊಡ್ಡದಾದರೂ ಹಗುರವಾದದ್ದು: ಸ್ಲೀಪಿಂಗ್ ಬ್ಯಾಗ್, ಬಟ್ಟೆ. ಟೆಂಟಿನ ಸುರುಳಿಯನ್ನು ನಿಮ್ಮ ಬೆನ್ನಿಗೂ ಟೇಲ್ ಬ್ಯಾಗಿಗೂ ನಡುವೆ, ಸೀಟಿನ ಮೇಲೆ ಅಡ್ಡಲಾಗಿ ಇಡಿ. ಭಾರ ಮುಂದಕ್ಕೆ ಬಂತು, ಬೆನ್ನಿಗೆ ಒರಗೂ ಆಯಿತು. ಸುರುಳಿಯ ತುದಿ ಹ್ಯಾಂಡಲಿನ ಅಗಲಕ್ಕಿಂತ ಆಚೆ ಹೋಗಬಾರದು. ಹ್ಯಾಂಡಲ್ ತೂರಿದ ಸಂದಿಯಲ್ಲಿ ಉಳಿದ ಗಾಡಿಯೂ ತೂರಬೇಕು, ಅಲ್ವಾ?

ಮಳೆಕೋಟು, ಟಾರ್ಚ್, ಔಷಧಿ ಇವು ಮೂರನ್ನೂ ಯಾವ ಬೆಲ್ಟನ್ನೂ ಬಿಚ್ಚದೆ ತೆಗೆಯುವಂತಿರಬೇಕು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆ ಹೇಳಿ ಬರುವುದಿಲ್ಲ. ಟ್ಯಾಂಕ್ ಬ್ಯಾಗಿನಲ್ಲಿ ಫೋನ್, ದುಡ್ಡು, ಕಾಗದಪತ್ರ, ಒಂದಿಷ್ಟು ಕಡಲೆ-ಬೆಲ್ಲ.

ಪೆಟ್ರೋಲನ್ನು ನೀರಿನ ಬಾಟಲಿಗೆ ತುಂಬಿಕೊಂಡು ಹೋಗುವ ಅಭ್ಯಾಸ ಬಿಡಿ. 15 ಲೀಟರ್ ಟ್ಯಾಂಕ್, ಲೀಟರಿಗೆ 30 ಕಿಲೋಮೀಟರ್ ಅಂದರೂ 450 ಕಿಲೋಮೀಟರ್ ಆಯಿತು. ನಮ್ಮ ರಾಜ್ಯದಲ್ಲಿ ಅಷ್ಟು ದೂರ ಬಂಕ್ ಇಲ್ಲದ ರಸ್ತೆ ಇಲ್ಲ. ಘಾಟಿ ಇಳಿಯುವ ಮೊದಲು ಟ್ಯಾಂಕ್ ತುಂಬಿಸಿದರೆ ಮುಗಿಯಿತು.

ಹಂತ 7: ಬೆಲ್ಟ್ ಬಿಗಿಯುವುದು

ಇಲ್ಲಿ ಅವಸರ ಬೇಡ. ನನಗೆ ಈಗಲೂ ಈ ಒಂದು ಕೆಲಸಕ್ಕೆ ಇಪ್ಪತ್ತು ನಿಮಿಷ ಬೇಕು.

ಎಲಾಸ್ಟಿಕ್ ಹಗ್ಗವನ್ನು ಮುಖ್ಯ ಕಟ್ಟಿಗೆ ಬಳಸಬೇಡಿ. ಅದು ಎಳೆದಷ್ಟೂ ಹಿಗ್ಗುತ್ತದೆ, ಅಂದರೆ ಹೊರೆ ಅಲುಗಾಡಲು ಜಾಗ ಬಿಡುತ್ತದೆ. ಕೊಕ್ಕೆ ಜಾರಿ ಚಿಮ್ಮಿದರೆ ಕಣ್ಣಿಗೆ ನೇರ. 25 ಮಿಲಿಮೀಟರ್ ಅಗಲದ, ಹಲ್ಲಿನ ಬಕಲ್ ಇರುವ ನೈಲಾನ್ ಅಥವಾ ಪಾಲಿಯೆಸ್ಟರ್ ಬೆಲ್ಟ್ ತನ್ನಿ. ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟ್ ಬೈಕಿಗೆ ಅತಿಯಾಯಿತು, ಬಿಗಿದರೆ ಚೀಲದ ಒಳಗಿನ ಟೆಂಟ್ ಕೋಲು ಬಾಗುತ್ತದೆ.

ಮೊದಲು ರ‍್ಯಾಕಿನ ಮೇಲೆ, ಚೀಲ ಕೂರುವ ಜಾಗಕ್ಕೆ ಹಳೆ ಟ್ಯೂಬ್ ಸೀಳಿದ ರಬ್ಬರ್ ಹಾಸಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹಳ್ಳಿಯ ಕಡೆ ಸೈಕಲ್ ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಬಿಗಿಯಲು ಇದನ್ನೇ ಬಳಸುತ್ತಿದ್ದದ್ದು. ರಬ್ಬರ್ ಮೇಲೆ ಕೂತ ಚೀಲ ಜಾರುವುದಿಲ್ಲ. ಇದರಿಂದಲೇ ಅರ್ಧ ಹಿಡಿತ ಬರುತ್ತದೆ.

ಬೆಲ್ಟನ್ನು ಕಟ್ಟುವುದು ಗಾಡಿಯ ಗಟ್ಟಿ ಕಬ್ಬಿಣಕ್ಕೆ: ರ‍್ಯಾಕ್, ಹಿಡಿಕೆ, ಫ್ರೇಮ್. ಇಂಡಿಕೇಟರ್ ದಂಡ, ನಂಬರ್ ಪ್ಲೇಟು, ಪ್ಲಾಸ್ಟಿಕ್ ಮಡ್‌ಗಾರ್ಡ್ ಯಾವುದಕ್ಕೂ ಬೇಡ. ನಾಲ್ಕು ಬಿಂದು ಹುಡುಕಿಕೊಳ್ಳಿ, ಮುಂದೆ ಎರಡು, ಹಿಂದೆ ಎರಡು. ಒಂದು ಬೆಲ್ಟ್ ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಇನ್ನೊಂದು ಮುಂದಿನ ಬಲದಿಂದ ಹಿಂದಿನ ಎಡಕ್ಕೆ. ಚೀಲದ ಮೇಲೆ ಗುಣಾಕಾರದ ಗುರುತು ಬರಬೇಕು. ಅದರ ಮೇಲೆ ಮೂರನೆಯ ಬೆಲ್ಟ್ ನೇರ ಅಡ್ಡಕ್ಕೆ. ಚೀಲದ ಹಿಡಿಕೆಯೊಳಗೆ ಒಂದು ಬೆಲ್ಟಾದರೂ ತೂರಿಸಿ. ಉಳಿದವೆಲ್ಲ ಸಡಿಲವಾದರೂ ಚೀಲ ರಸ್ತೆಗೆ ಬೀಳುವುದಿಲ್ಲ.

ಎಳೆಯುವಾಗ ಒಂದು ಕೈಯಲ್ಲಿ ಬೆಲ್ಟ್ ಎಳೆದು, ಇನ್ನೊಂದು ಮೊಣಕೈಯಿಂದ ಚೀಲವನ್ನು ಒತ್ತಿ. ಒತ್ತಿದಾಗ ಬರುವ ಸಡಿಲವನ್ನು ಆಗಲೇ ಎಳೆದುಕೊಳ್ಳಿ. ಎಡ, ಬಲ, ಮತ್ತೆ ಎಡ, ಮತ್ತೆ ಬಲ, ಹೀಗೆ ಮೂರು ಸುತ್ತು. ಒಂದೇ ಕಡೆ ಪೂರ್ತಿ ಎಳೆದರೆ ಚೀಲ ಆ ಕಡೆ ವಾಲಿ ಕೂರುತ್ತದೆ. ಬೆಲ್ಟಿಗೆ ನಡುವೆ ಒಂದು ತಿರುವು ಕೊಡಿ. ಚಪ್ಪಟೆ ಬೆಲ್ಟ್ ಗಾಳಿಗೆ ಗುಂಯ್ ಎಂದು ನಡುಗುತ್ತದೆ, ನಡುಗಿ ನಡುಗಿ ಸಡಿಲವಾಗುತ್ತದೆ. ತಿರುವಿದ ಬೆಲ್ಟ್ ಸುಮ್ಮನಿರುತ್ತದೆ.

ಮಿಕ್ಕ ಬಾಲವನ್ನು ಹಾಗೇ ಬಿಡಬೇಡಿ. ಮಡಿಸಿ, ಬೆಲ್ಟಿನ ಕೆಳಗೆ ತೂರಿಸಿ, ಜೀರುಗುಣಿಕೆ ಹಾಕಿ. ಕಗ್ಗಂಟು ಬೇಡ, ಸಂಜೆ ಚಳಿಗೆ ಸೆಟೆದ ಬೆರಳಲ್ಲಿ ನೀವೇ ಬಿಚ್ಚಬೇಕು. ನೇತಾಡುವ ಯಾವ ದಾರವೂ ಚೈನ್‌ಗೋ ಚಕ್ರಕ್ಕೋ ಮುಟ್ಟುವಷ್ಟು ಉದ್ದ ಇರಕೂಡದು.

ಈಗ ಪರೀಕ್ಷೆ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಬೈಕ್ ಅಲ್ಲಾಡಬೇಕು. ಚೀಲ ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ. ಹಿಂದೆ ಹೋಗಿ ನಿಂತು ನೋಡಿ: ಬ್ರೇಕ್ ಲೈಟ್, ಇಂಡಿಕೇಟರ್, ನಂಬರ್ ಪ್ಲೇಟು ಎಲ್ಲ ಕಾಣಿಸುತ್ತಿದೆಯಾ?

ಹಂತ 8: ಗಾಡಿಯನ್ನು ಹೊರೆಗೆ ಹೊಂದಿಸಿ

ಹೊರೆ ಬಿದ್ದಾಗ ಹಿಂಭಾಗ ಕುಸಿಯುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಒಂದೆರಡು ಮೆಟ್ಟಿಲು ಬಿಗಿ ಮಾಡಿ. ಎರಡು ಶಾಕ್ ಇರುವ ಗಾಡಿಯಲ್ಲಿ ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಬೇಕು. ಟೈರಿನ ಗಾಳಿಯನ್ನು, ಇಬ್ಬರು ಕೂತಾಗ ಎಷ್ಟಿರಬೇಕೆಂದು ಪುಸ್ತಕದಲ್ಲಿದೆಯೋ ಅಷ್ಟಕ್ಕೆ ತನ್ನಿ. ಟೈರ್ ತಣ್ಣಗಿರುವಾಗಲೇ ನೋಡಿ.

ಚೈನ್ ಸಡಿಲ ತುಂಬಾ ಜನ ಮರೆಯುವ ವಿಷಯ. ಖಾಲಿ ಗಾಡಿಯಲ್ಲಿ ಸರಿಯಿದ್ದ ಚೈನ್, ಹಿಂಭಾಗ ಕುಸಿದಾಗ ಬಿಗಿಯಾಗುತ್ತದೆ. ಹೊರೆ ಕಟ್ಟಿದ ಮೇಲೆ ನೀವು ಕೂತು, ಇನ್ನೊಬ್ಬರಿಗೆ ಚೈನನ್ನು ಬೆರಳಿನಿಂದ ಎತ್ತಿ ನೋಡಲು ಹೇಳಿ. ಸ್ವಲ್ಪವೂ ಮಿಸುಕದಿದ್ದರೆ ಸಡಿಲ ಮಾಡಿಸಿಕೊಳ್ಳಿ. ಹಾಗೇ ಸೀಟಿನ ಮೇಲೆ ನಾಲ್ಕೈದು ಸಲ ಕುಣಿದು, ಟೈರ್ ಯಾವ ಚೀಲದ ತಳಕ್ಕೂ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ.

ಹೆಡ್‌ಲೈಟ್ ಕೂಡ ಮೇಲಕ್ಕೆ ಏಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಂಜೆ ಹೊತ್ತು ಗೋಡೆಯಿಂದ 5 ಮೀಟರ್ ದೂರದಲ್ಲಿ, ಖಾಲಿ ಗಾಡಿ ನಿಲ್ಲಿಸಿ, ಮೇಲೆ ಕೂತು, ಡಿಮ್ ಬೆಳಕಿನ ಮೇಲಂಚಿಗೆ ಯಾರಿಂದಲಾದರೂ ಸೀಮೆಸುಣ್ಣದ ಗೆರೆ ಹಾಕಿಸಿ. ಹೊರೆ ಕಟ್ಟಿ ಮತ್ತೆ ಅಲ್ಲೇ ನಿಲ್ಲಿಸಿ. ಬೆಳಕು ಆ ಗೆರೆಗೆ ಇಳಿಯುವವರೆಗೆ ಸ್ಕ್ರೂ ತಿರುಗಿಸಿ.

ಹಂತ 9: ಹಿಂದಿನ ಸಂಜೆ 10 ಕಿಲೋಮೀಟರ್

ಪೂರ್ತಿ ಹೊರೆಯೊಂದಿಗೆ ಮನೆಯ ಸುತ್ತ ಒಂದು ಸುತ್ತು ಹೋಗಿ. ಒಂದು ಹಂಪ್, ಒಂದು ಗುಂಡಿ, ಒಂದು ಯೂ-ಟರ್ನ್ ಇರಲಿ. ಖಾಲಿ ರಸ್ತೆಯಲ್ಲಿ ಎರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಗಾಡಿ ನಿಲ್ಲಲು ಎಷ್ಟು ಜಾಸ್ತಿ ದೂರ ಬೇಕು ಎಂದು ಕಾಲಿಗೆ, ಕೈಗೆ ಗೊತ್ತಾಗಲಿ. ಗಾಡಿ ಇಳಿಯುವುದು, ಹತ್ತುವುದೂ ಬೇರೆ ಥರ ಆಗುತ್ತದೆ. ಹಿಂದಿನಿಂದ ಕಾಲು ಬೀಸಲು ಚೀಲ ಅಡ್ಡ. ಸೈಡ್ ಸ್ಟ್ಯಾಂಡ್ ಹಾಕಿ, ಮುಂದಿನ ಬ್ರೇಕ್ ಹಿಡಿದು, ಮೊಣಕಾಲು ಮಡಚಿ ಸೀಟಿನ ಮೇಲಿಂದ ದಾಟಿಸುವುದನ್ನು ಅಭ್ಯಾಸ ಮಾಡಿ.

ವಾಪಸ್ ಬಂದು ಬೆಲ್ಟ್ ಮುಟ್ಟಿ ನೋಡಿ. ಸಡಿಲವಾಗಿರುತ್ತದೆ. ಚೀಲದೊಳಗಿನ ಬಟ್ಟೆ ಕುಲುಕಿ ಕೂತಿರುತ್ತದೆ. ಇನ್ನೊಮ್ಮೆ ಎಳೆಯಿರಿ. ಮರುದಿನ ಹೊರಟು 30 ಕಿಲೋಮೀಟರ್ ಆದ ಮೇಲೆ ಮತ್ತೆ, ಆಮೇಲೆ ಕಾಫಿಗೆ ನಿಂತಾಗಲೆಲ್ಲ. ಗಾಡಿಯಿಂದ ಇಳಿದವರು ಮೊದಲು ಚೀಲದ ಮೇಲೆ ಕೈಯಿಡಬೇಕು, ಹೆಲ್ಮೆಟ್ ತೆಗೆಯುವುದು ಆಮೇಲೆ. ಬೇಲೂರು ದಾಟುವಷ್ಟರಲ್ಲಿ ಇದು ತಾನಾಗಿಯೇ ರೂಢಿಯಾಗುತ್ತದೆ.

ಹಂತ 10: ಬಿಚ್ಚುವ ಕ್ರಮ, ಮತ್ತೆ ಕಟ್ಟುವ ಕ್ರಮ

ಒಳ್ಳೆಯ ಕಟ್ಟು ಗೊತ್ತಾಗುವುದು ಮಳೆಯಲ್ಲಿ ಬಿಚ್ಚುವಾಗ. ಅದಕ್ಕೇ ಟೆಂಟನ್ನು ಹೊರಗಡೆ, ತನ್ನದೇ ಬೆಲ್ಟಿನಲ್ಲಿ ಕಟ್ಟುವುದು. ಮೊದಲು ಟಾರ್ಪಾಲಿನ್, ಆಮೇಲೆ ಟೆಂಟ್. ಟೆಂಟ್ ನಿಂತ ಮೇಲಷ್ಟೇ ಟೇಲ್ ಬ್ಯಾಗ್ ಬಿಚ್ಚಿ, ನೇರ ಒಳಗೆ ಒಯ್ಯಿರಿ. ಸ್ಲೀಪಿಂಗ್ ಬ್ಯಾಗ್ ಆಕಾಶವನ್ನೇ ನೋಡಬಾರದು. ಸ್ಯಾಡಲ್ ಬ್ಯಾಗ್ ಗಾಡಿಯಲ್ಲೇ ಇರಲಿ, ಆದರೆ ತಿನ್ನುವ ಸಾಮಾನು ಹೊರಗಡೆ ಬಿಡಬೇಡಿ. ಬೆಳಗಾಗುವಷ್ಟರಲ್ಲಿ ಮಂಗಗಳು ಹುಡುಕಿರುತ್ತವೆ.

ತೋಟದ ಮಣ್ಣು ಮೆತ್ತಗೆ. ಹೊರೆ ಇರುವ ಗಾಡಿಯ ಸೈಡ್ ಸ್ಟ್ಯಾಂಡ್ ಒಂದು ಗಂಟೆಯಲ್ಲಿ ಹೂತು, ಗಾಡಿ ಮಗುಚಬಹುದು. ಅಂಗೈ ಅಗಲದ ಹಲಗೆ ತುಂಡೊಂದಕ್ಕೆ ದಾರ ಕಟ್ಟಿ ಟ್ಯಾಂಕ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಹಲಗೆ ಸ್ಟ್ಯಾಂಡಿನ ಕೆಳಗೆ, ದಾರದ ತುದಿ ಹ್ಯಾಂಡಲಿಗೆ. ಹೊರಡುವಾಗ ಬಗ್ಗುವ ಕೆಲಸವೂ ಇಲ್ಲ, ಮರೆಯುವುದೂ ಇಲ್ಲ.

ಬೆಳಿಗ್ಗೆ ಟೆಂಟ್ ಇಬ್ಬನಿಯಿಂದ ತೊಯ್ದಿರುತ್ತದೆ. ಬಿಸಿಲಿಗೆ ಕಾಯುವ ಸಮಯವಿದ್ದರೆ ಕಾಯಿರಿ. ಇಲ್ಲದಿದ್ದರೆ ಒಳಟೆಂಟನ್ನು ಮೊದಲು ಬೇರೆ ಸುತ್ತಿ, ಒದ್ದೆಯಾದ ಹೊರಪದರವನ್ನು ಕೊಡವಿ ಇನ್ನೊಂದು ಚೀಲಕ್ಕೆ ಹಾಕಿ. ಎರಡನ್ನೂ ಒಟ್ಟಿಗೆ ಸುತ್ತಿದರೆ ಆ ರಾತ್ರಿ ಒಳಗೂ ಒದ್ದೆ. ಸುತ್ತುವ ಮೊದಲು ಒಳಗೆ ಕೈಯಾಡಿಸಿ ನೋಡಿ. ಮಲೆನಾಡಿನಲ್ಲಿ ಇಂಬಳಗಳು ಬಟ್ಟೆಯ ಮಡಿಕೆಯಲ್ಲಿ ಕೂತು ನಿಮ್ಮ ಜೊತೆಗೇ ಬರುತ್ತವೆ.

ಕಟ್ಟುವಾಗ ಹಿಂದಿನ ದಿನದ ಜಾಗಕ್ಕೇ ಎಲ್ಲವೂ ಹೋಗಲಿ. ಮೊದಲ ದಿನ ಕಟ್ಟಿದ ಗಾಡಿಯ ಫೋಟೋ ನಾಲ್ಕು ಕಡೆಯಿಂದ ತೆಗೆದಿಟ್ಟುಕೊಂಡರೆ ಯೋಚಿಸುವ ಕೆಲಸವಿಲ್ಲ. ತಿಂದು, ಕುಡಿದು ಖಾಲಿಯಾದಂತೆ ಎರಡು ಪಕ್ಕದ ತೂಕ ಬದಲಾಗಿರುತ್ತದೆ. ಎರಡೂ ಚೀಲ ಕೈಯಲ್ಲಿ ಎತ್ತಿ ನೋಡಿ, ಬಾಟಲಿಯನ್ನೋ ಟೂಲನ್ನೋ ಆಚೀಚೆ ಮಾಡಿ. ಕಸವನ್ನು ಒಂದು ಚೀಲದಲ್ಲಿ ವಾಪಸ್ ತನ್ನಿ, ಖಾಲಿ ಗ್ಯಾಸ್ ಡಬ್ಬಿಯನ್ನೂ.

ಮನೆಗೆ ಬಂದ ರಾತ್ರಿಯೇ, ಎಷ್ಟೇ ದಣಿವಾಗಿದ್ದರೂ, ಟೆಂಟನ್ನು ತಾರಸಿಯ ತಂತಿಯ ಮೇಲೆ ಹರವಿ. ಎರಡು ದಿನ ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಹೋಗುವುದೇ ಇಲ್ಲ. ಸ್ಪ್ರಿಂಗ್, ಟೈರಿನ ಗಾಳಿ, ಹೆಡ್‌ಲೈಟ್ ಮೂರನ್ನೂ ಹಳೆಯ ಜಾಗಕ್ಕೆ ತನ್ನಿ. ಆಮೇಲೆ ತೂಕದ ಪಟ್ಟಿ ತೆಗೆದು, ಈ ಸಲ ಚೀಲದಿಂದ ಹೊರಗೇ ಬಾರದ ವಸ್ತುಗಳ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಪಟ್ಟಿಯನ್ನು ಟೇಲ್ ಬ್ಯಾಗಿನ ಒಳ ಜೇಬಿನಲ್ಲೇ ಇಡಿ.